ತಕ್ಕಡಿಗೆ ಮುದ್ರೆ ಬೇಕು, ಟೆಸ್ಟ್ ಆ್ಯಪ್‌ಗೆ ಬೇಡ್ವಾ?

1/8

ಫ್ರೆಂಡ್ಸ್, ಈ ಸಲದ ಸರಣಿ ಸ್ವಲ್ಪ ಉದ್ದ. ಎಂಟು ಪೋಸ್ಟ್ ಇದೆ. ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ, ನೆಲಮಂಗಲ ಬರೋಷ್ಟರಲ್ಲಿ ಮುಗಿಯುತ್ತೆ.

ನಮ್ಮ ತ್ಯಾಮಗೊಂಡ್ಲು ಹಿಂದಿನಿಂದಲೂ ದವಸ ಧಾನ್ಯದ ವ್ಯಾಪಾರಕ್ಕೆ ಹೆಸರಾದ ಊರು. ವ್ಯಾಪಾರದ ಊರಲ್ಲಿ ಬೆಳೆದವರಿಗೆ ಒಂದು ವಿಷಯ ಯಾರೂ ಹೇಳಿಕೊಡಬೇಕಿಲ್ಲ: ತೂಕ ನಂಬೋ ಮುಂಚೆ ತಕ್ಕಡಿ ನೋಡಬೇಕು. ಅಂಗಡಿ ತಕ್ಕಡಿಯನ್ನ, ತೂಕದ ಕಲ್ಲನ್ನ ಕಾನೂನು ಮಾಪನಶಾಸ್ತ್ರ ಇಲಾಖೆಯವರು ಕಾಲಕಾಲಕ್ಕೆ ಪರೀಕ್ಷೆ ಮಾಡಿ ಮುದ್ರೆ ಹಾಕ್ತಾರೆ. ಅದಕ್ಕೆ ಅಂತಾನೇ 2009ರ ಕಾಯ್ದೆ ಇದೆ. ಪೆಟ್ರೋಲ್ ಬಂಕಿನ ಮೀಟರಿಗೂ ಮುದ್ರೆ, ಆಟೋ ಮೀಟರಿಗೂ ಮುದ್ರೆ. ಮುದ್ರೆ ಇಲ್ಲದ ತಕ್ಕಡಿಯಲ್ಲಿ ರಾಗಿ ತೂಗಿದ್ರೆ ದಂಡ ಬೀಳುತ್ತೆ.

ಈಗ ನಮ್ಮನ್ನ ತೂಗೋ ತಕ್ಕಡಿ ಕಡೆ ನೋಡಿ. ಪ್ಲೇಸ್‌ಮೆಂಟ್‌ಗೆ ಆನ್‌ಲೈನ್ ಟೆಸ್ಟ್, ಇಂಟರ್ನ್‌ಶಿಪ್‌ಗೆ ಆನ್‌ಲೈನ್ ಟೆಸ್ಟ್, ಕೋಚಿಂಗ್ ಸೇರೋಕೆ ಆನ್‌ಲೈನ್ ಟೆಸ್ಟ್. ನಮ್ಮ ಕಾಲೇಜಲ್ಲಿ ಮುಂದಿನ ಸೆಮಿಸ್ಟರ್‌ನಿಂದ ಇಂಟರ್ನಲ್ಸ್ ಕೂಡ ಒಂದು ಆ್ಯಪ್‌ನಲ್ಲಿ, ಮನೆಯಿಂದಲೇ ಬರೆಯೋ ಹಾಗೆ ಮಾಡೋಣ ಅನ್ನೋ ಮಾತು ಓಡಾಡ್ತಿದೆ. ಆ ಟೆಸ್ಟ್ ತಯಾರು ಮಾಡಿದವರು ಯಾರು, ಅದು ಸರಿಯಾಗಿ ಅಳೆಯುತ್ತೆ ಅಂತ ನೋಡಿದವರು ಯಾರು, ತಪ್ಪಾದ್ರೆ ಯಾರನ್ನ ಕೇಳಬೇಕು? ಈ ಮೂರು ಪ್ರಶ್ನೆಗೆ ಕ್ಲಾಸಲ್ಲಿ ಒಬ್ಬರ ಹತ್ರಾನೂ ಉತ್ತರ ಇಲ್ಲ.

ನನ್ನ ಅಭಿಪ್ರಾಯ ಇಷ್ಟೇ: ನಮ್ಮ ಮಾರ್ಕ್ಸು, ಸೀಟು, ಕೆಲಸ ನಿರ್ಧಾರ ಮಾಡೋ ಟೂಲನ್ನ ಮೊದಲು ಪರೀಕ್ಷೆ ಮಾಡ್ಲಿ. ಆಮೇಲೆ ನಮ್ಮನ್ನ ಮಾಡ್ಲಿ. ಯಾಕೆ ಅಂತ ಮುಂದಿನ ಪೋಸ್ಟ್‌ಗಳಲ್ಲಿ.

2/8

ಮೊದಲು ಇದು ಯಾವ ವ್ಯಾಪಾರ ಅಂತ ತಿಳ್ಕೊಳ್ಳೋಣ.

ಈ ಉದ್ಯಮಕ್ಕೆ ನಮ್ಮಿಂದ ಸುಮಾರು ಐವತ್ತು ಕಿಲೋಮೀಟರ್ ದೂರದ ಬೆಂಗಳೂರೇ ತವರು ಅಂದ್ರೂ ತಪ್ಪಿಲ್ಲ. ಮೆರಿಟ್‌ಟ್ರ್ಯಾಕ್ ಅನ್ನೋ ಕಂಪನಿ 2000ದಲ್ಲಿ ಬೆಂಗಳೂರಲ್ಲಿ ಶುರುವಾಯ್ತು. ಆಗ ಐಟಿ, ಕಾಲ್ ಸೆಂಟರ್ ಕಂಪನಿಗಳಿಗೆ ಸಾವಿರಾರು ಜನರನ್ನ ಒಟ್ಟಿಗೆ ಸೋಸಬೇಕಿತ್ತು. ಸೋಸೋ ಕೆಲಸವನ್ನೇ ಒಂದು ಸೇವೆಯಾಗಿ ಮಾರಿದವರಲ್ಲಿ ಇವರು ಮೊದಮೊದಲಿನವರು. ಆಮೇಲೆ ಯೂನಿವರ್ಸಿಟಿ ಪರೀಕ್ಷೆಗಳ ಕೆಲಸವೂ ಬಂತು. ಕೋಡಿಂಗ್ ಟೆಸ್ಟ್ ನಡೆಸೋ ಹ್ಯಾಕರ್‌ಅರ್ತ್ ಕೂಡ ಬೆಂಗಳೂರಿಂದೇ. ಸೀನಿಯರ್ಸ್ ಬಾಯಲ್ಲಿ ಕೇಳಿರೋ ಆಮ್‌ಕ್ಯಾಟ್ ಮಾತ್ರ ದೆಹಲಿ ಪಕ್ಕದ ಗುರುಗ್ರಾಮದ್ದು.

ಸರ್ಕಾರಿ ಪರೀಕ್ಷೆಗಳೂ ಇದೇ ದಾರಿ ಹಿಡಿದವು. ಐಐಎಂಗಳ ಕ್ಯಾಟ್ ಪರೀಕ್ಷೆ ಮೊದಲ ಸಲ ಕಂಪ್ಯೂಟರಿಗೆ ಬಂದಿದ್ದು 2009ರ ನವೆಂಬರ್‌ನಲ್ಲಿ. ಮೊದಲ ದಿನವೇ ಎಷ್ಟೋ ಕೇಂದ್ರಗಳ ಕಂಪ್ಯೂಟರ್‌ಗಳು ವೈರಸ್ ಹಿಡಿದು ಕೈಕೊಟ್ಟವು, ಸಾವಿರಾರು ಜನ ಇನ್ನೊಂದು ದಿನ ಬರೆಯಬೇಕಾಯ್ತು. 2019ರಿಂದ ಎನ್‌ಟಿಎ ನಡೆಸ್ತಿರೋ ಜೆಇಇ ಮೇನ್ ಕಂಪ್ಯೂಟರ್‌ನಲ್ಲೇ. 2021ರಿಂದ ಅದನ್ನ ಕನ್ನಡದಲ್ಲೂ ಬರೆಯಬಹುದು. ಸಿಯುಇಟಿ 2022ರಲ್ಲಿ ಬಂತು.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಈ ಕಂಪನಿಗಳಿಗೆ ದುಡ್ಡು ಕೊಡೋರು ನಾವಲ್ಲ. ಕೊಡೋದು ಕಾಲೇಜು, ಯೂನಿವರ್ಸಿಟಿ, ಕೆಲಸ ಕೊಡೋ ಕಂಪನಿ. ಅವರಿಗೆ ಬೇಕಾಗಿರೋದು ಬೇಗ ಮುಗೀಬೇಕು, ಕಮ್ಮಿ ಖರ್ಚಲ್ಲಿ ಆಗಬೇಕು, ಸಾವಿರ ಜನರ ಪಟ್ಟಿ ಐವತ್ತಕ್ಕೆ ಇಳೀಬೇಕು. ಐವತ್ತರಲ್ಲಿ ಬರಬೇಕಾದ ಒಬ್ಬರು ತಪ್ಪಾಗಿ ಹೊರಗೆ ಹೋದ್ರೆ ಆ ಕಂಪನಿಗೆ ಅದು ಗೊತ್ತೇ ಆಗಲ್ಲ. ಕೆಲಸಕ್ಕೆ ತಗೊಂಡವರು ದಡ್ಡರಾದ್ರೆ ಮಾತ್ರ ಗೊತ್ತಾಗುತ್ತೆ. ಹಾಗಾಗಿ ನಮಗೆ ಆಗೋ ಅನ್ಯಾಯದ ಲೆಕ್ಕ ಇಡೋಕೆ ಆ ವ್ಯಾಪಾರದಲ್ಲಿ ಯಾರಿಗೂ ಕಾರಣ ಇಲ್ಲ. ನಾವೇ ಇಡಬೇಕು.

3/8

"ಹಾಗಾದ್ರೆ ಪೇಪರ್ ಪರೀಕ್ಷೆನೇ ಒಳ್ಳೇದು ಅಂತೀಯಾ?" ಅಂತ ಕೇಳ್ತೀರಾ. ಇಲ್ಲ ಗುರು. ಪೇಪರ್ ಏನು ಗಂಗಾಜಲ ಅಲ್ಲ.

2021ರ ಅಕ್ಟೋಬರ್ 3ರಂದು 545 ಪಿಎಸ್‌ಐ ಹುದ್ದೆಗೆ ನಡೆದ ಪರೀಕ್ಷೆ ನೆನಪಿದೆಯಲ್ಲ? ಖಾಲಿ ಬಿಟ್ಟ ಓಎಂಆರ್ ಶೀಟನ್ನ ಆಮೇಲೆ ತುಂಬಿದ್ರು ಅನ್ನೋ ಕೇಸು. ನೇಮಕಾತಿ ವಿಭಾಗ ನೋಡ್ಕೊಳ್ತಿದ್ದ ಎಡಿಜಿಪಿಯೇ 2022ರ ಜುಲೈನಲ್ಲಿ ಅರೆಸ್ಟ್ ಆದ್ರು. ಪರೀಕ್ಷೆ ರದ್ದಾಗಿ, ಮರುಪರೀಕ್ಷೆ ನಡೆದಿದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿದವರ ಎರಡು ವರ್ಷ ಹೋಯ್ತು. 2023ರಲ್ಲಿ ಕಲಬುರಗಿ, ಯಾದಗಿರಿ ಕಡೆ ಬ್ಲೂಟೂತ್ ಕಿವಿಯಲ್ಲಿಟ್ಕೊಂಡು ಬರೆದ ಸುದ್ದಿಯೂ ನಿಮಗೆ ಗೊತ್ತು.

2024ರ ಎಸ್‌ಎಸ್‌ಎಲ್‌ಸಿ ನೋಡಿ. ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದ್ರು. ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ ಶೇ. 73.40ಕ್ಕೆ ಇಳೀತು. ಅದೂ ಶೇ. 20ರಷ್ಟು ಕೃಪಾಂಕ ಕೊಟ್ಟ ಮೇಲೆ. ಕ್ಯಾಮೆರಾ ಒಂದು ನಿಜ ತೋರಿಸ್ತು, ಒಪ್ಪೋಣ. ಆದ್ರೆ ಕ್ಯಾಮೆರಾ ಪಾಠ ಮಾಡಲಿಲ್ಲ. ಆ ಮಕ್ಕಳು ಆರನೇ ಕ್ಲಾಸಲ್ಲಿ, ಏಳನೇ ಕ್ಲಾಸಲ್ಲಿ ಏನು ಕಲೀಲಿಲ್ಲ ಅನ್ನೋದನ್ನ ಹತ್ತನೇ ಕ್ಲಾಸಿನ ಪರೀಕ್ಷೆ ದಿನ ಹಿಡಿದು ಏನು ಪ್ರಯೋಜನ?

ನಮ್ಮ ಬ್ಯಾಚಿನ ಕಥೆ ಇನ್ನೊಂದು. 2021ರ ಜುಲೈ 19 ಮತ್ತು 22. ದಿನಕ್ಕೆ ಮೂರು ವಿಷಯ, ಒಂದೊಂದಕ್ಕೆ 40 ಪ್ರಶ್ನೆ, ಎಲ್ಲಾ ಬಹು ಆಯ್ಕೆ. ಎಂಟು ಲಕ್ಷಕ್ಕೂ ಹೆಚ್ಚು ಜನ ಎರಡೇ ದಿನದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದ್ವಿ. ಕೋವಿಡ್ ಕಾಲಕ್ಕೆ ಅದು ಸರಿಯೇ ಇತ್ತು. ಆದ್ರೆ ಒಂದು ವಾಕ್ಯ ಬರೆಯೋ, ಒಂದು ಲೆಕ್ಕವನ್ನ ಹಂತ ಹಂತವಾಗಿ ಬಿಡಿಸೋ ಶಕ್ತಿ ನಮ್ಮಲ್ಲಿ ಇದೆಯಾ ಅಂತ ಆ ವರ್ಷ ಯಾರೂ ನೋಡಲಿಲ್ಲ.

ಅಂದ್ರೆ ಪೇಪರೋ ಕಂಪ್ಯೂಟರೋ ಅನ್ನೋದು ಇಲ್ಲಿ ಜಗಳ ಅಲ್ಲ. ಯಾವ ತಕ್ಕಡಿಯಾದ್ರೂ ಏನು ತೂಗ್ತಿದೆ, ಯಾರ ಕೈ ಅದರ ಮೇಲಿದೆ ಅಂತ ಕೇಳಬೇಕು.

4/8

ಈಗ ಈ ಟೂಲ್‌ಗಳ ಒಳ್ಳೇ ಮುಖ. ಇದನ್ನ ಬಿಟ್ಟು ಬೈದ್ರೆ ಅದು ಬರೀ ಗೊಣಗಾಟ ಆಗುತ್ತೆ.

ಒಂದು ಒಳ್ಳೆ ಅಸೆಸ್‌ಮೆಂಟ್ ಟೂಲ್ ನಮ್ಮನ್ನ ಅಳೆಯೋದಕ್ಕಿಂತ ಚೆನ್ನಾಗಿ ಪ್ರಶ್ನೆಯನ್ನ ಅಳೆಯಬಲ್ಲದು. ಹೇಗೆ ಅಂತ ಕೇಳಿ. ನೂರು ಜನ ಟೆಸ್ಟ್ ಬರೆದ್ರು ಅಂದ್ಕೊಳ್ಳಿ. ಒಟ್ಟು ಮಾರ್ಕ್ಸಲ್ಲಿ ಮೇಲಿನ 27 ಜನ, ಕೆಳಗಿನ 27 ಜನರನ್ನ ತಗೊಳ್ಳಿ. ಒಂದು ಪ್ರಶ್ನೆಗೆ ಮೇಲಿನವರಲ್ಲಿ 20 ಜನ ಸರಿ, ಕೆಳಗಿನವರಲ್ಲಿ 8 ಜನ ಸರಿ. 20ರಲ್ಲಿ 8 ಕಳೆದ್ರೆ 12, ಅದನ್ನ 27ರಿಂದ ಭಾಗಿಸಿದ್ರೆ 0.44. ಅದು ಒಳ್ಳೆ ಪ್ರಶ್ನೆ, ಗೊತ್ತಿರೋರನ್ನೂ ಗೊತ್ತಿಲ್ಲದೋರನ್ನೂ ಬೇರೆ ಮಾಡ್ತಿದೆ. ಇನ್ನೊಂದು ಪ್ರಶ್ನೆಗೆ ಮೇಲಿನವರಲ್ಲಿ 9 ಜನ, ಕೆಳಗಿನವರಲ್ಲಿ 15 ಜನ ಸರಿ. ಲೆಕ್ಕ ಮೈನಸ್‌ಗೆ ಹೋಗುತ್ತೆ. ಚೆನ್ನಾಗಿ ಓದಿದವರೇ ಎಡವ್ತಿದ್ದಾರೆ ಅಂದ್ರೆ ಕೀ ಉತ್ತರವೇ ತಪ್ಪಿರಬಹುದು, ಇಲ್ಲ ಪ್ರಶ್ನೆಯ ಭಾಷೆ ಗೊಂದಲ ಇರಬಹುದು. ಆ ಪ್ರಶ್ನೆನ ತೆಗೀಬೇಕು.

ಅರವತ್ತು ಜನರ ಕ್ಲಾಸಿಗೆ ಪಾಠ ಮಾಡೋ ಮೇಷ್ಟ್ರು ಇದನ್ನ ಕೈಯಲ್ಲಿ ಲೆಕ್ಕ ಹಾಕ್ತಾ ಕೂರೋಕಾಗಲ್ಲ. ಕಂಪ್ಯೂಟರಿಗೆ ಇದು ಕ್ಷಣದ ಕೆಲಸ. ಭಿನ್ನರಾಶಿ ಪ್ರಶ್ನೆಯಲ್ಲಿ ಕ್ಲಾಸಿನ ಅರ್ಧ ಜನ ಒಂದೇ ತಪ್ಪು ಆಪ್ಷನ್ ಒತ್ತಿದ್ರೆ, ಆ ತಪ್ಪು ಎಲ್ಲಿ ಹುಟ್ತು ಅಂತ ಮೇಷ್ಟ್ರಿಗೆ ಮರುದಿನವೇ ಗೊತ್ತಾಗುತ್ತೆ. ಆರು ತಿಂಗಳ ಮೇಲೆ ಬರೋ ಮಾರ್ಕ್ಸ್ ಕಾರ್ಡಿಗಿಂತ ಇದು ಸಾವಿರ ಪಾಲು ಮೇಲು.

ಇನ್ನೊಂದು ಒಳ್ಳೆ ಉದಾಹರಣೆ ನಮ್ಮ ಪಠ್ಯಪುಸ್ತಕದಲ್ಲೇ ಇತ್ತು. ಪಾಠದ ಪಕ್ಕದ ಕ್ಯೂಆರ್ ಕೋಡ್ ದೀಕ್ಷಾಗೆ ಹೋಗುತ್ತಲ್ಲ, 2017ರಲ್ಲಿ ಬಂದ ಆ ವೇದಿಕೆಯ ಕೆಳಗಿರೋದು ಸನ್‌ಬರ್ಡ್ ಅನ್ನೋ ಮುಕ್ತ ಸಾಫ್ಟ್‌ವೇರ್. ಅದನ್ನ ಕಟ್ಟಿದ್ದು ಬೆಂಗಳೂರಿನ ಏಕ್‌ಸ್ಟೆಪ್ ಫೌಂಡೇಶನ್. ಒಳಗೇನಿದೆ ಅಂತ ಯಾರು ಬೇಕಾದ್ರೂ ತೆಗೆದು ನೋಡಬಹುದು. ತಪ್ಪು ಮಾಡಿ, ಮತ್ತೆ ಮಾಡಿ, ಯಾರೂ ಲೆಕ್ಕ ಇಡಲ್ಲ ಅನ್ನೋ ಧೈರ್ಯದಲ್ಲಿ ಅಭ್ಯಾಸ ಮಾಡೋಕೆ ಇಂಥ ಟೂಲ್ ಎಷ್ಟು ಬಂದ್ರೂ ನನಗೆ ಖುಷಿ.

ತೊಂದರೆ ಶುರುವಾಗೋದು ಅಭ್ಯಾಸದ ಟೂಲು ತೀರ್ಪಿನ ಟೂಲಾದಾಗ.

5/8

ಮನೆಯಿಂದ ಬರೆಯೋ ಟೆಸ್ಟ್, ಅಂದ್ರೆ ಪ್ರಾಕ್ಟರಿಂಗ್.

ಅದು ಮಾಡೋದು ಇಷ್ಟು: ಟ್ಯಾಬ್ ಬದಲಿಸಿದ್ರೆ ಬರ್ಕೊಳ್ಳುತ್ತೆ. ಕ್ಯಾಮೆರಾದಲ್ಲಿ ಮುಖ ಕಾಣದಿದ್ರೆ ಬರ್ಕೊಳ್ಳುತ್ತೆ. ಎರಡು ಮುಖ ಕಂಡ್ರೆ, ಮಾತು ಕೇಳಿಸಿದ್ರೆ, ಕಣ್ಣು ಸ್ಕ್ರೀನ್ ಬಿಟ್ಟು ಬೇರೆ ಕಡೆ ಹೋದ್ರೆ ಬರ್ಕೊಳ್ಳುತ್ತೆ. ಕೊನೆಗೆ ಎಲ್ಲಾ ಸೇರಿಸಿ ನಿಮ್ಮ ಮೇಲೆ ಒಂದು ಅನುಮಾನದ ಅಂಕಿ.

ಈಗ ನಮ್ಮೂರಿನ ಮನೆ ಯೋಚನೆ ಮಾಡಿ. ಒಂದೇ ಹಾಲು, ಅದರಲ್ಲೇ ಟಿವಿ, ಅದರಲ್ಲೇ ಅಜ್ಜಿ ಮಂಚ. ಹೊರಗೆ ಟ್ರ್ಯಾಕ್ಟರ್ ಸದ್ದು. ಕರೆಂಟ್ ಹೋದ್ರೆ ವೈಫೈ ಇರೋ ಮನೆಯಲ್ಲೂ ವೈಫೈ ಇರಲ್ಲ. ನಮ್ಮ ಕ್ಲಾಸಿನ ಒಬ್ಬಳು ಒಂದು ಕಂಪನಿಯ ಟೆಸ್ಟ್ ಬರೀವಾಗ ಅವರಜ್ಜಿ ಹಿಂದೆ ಬಂದು "ಊಟ ಮಾಡವ್ವಾ" ಅಂದ್ರು. ಅಷ್ಟಕ್ಕೆ ಟೆಸ್ಟ್ ನಿಂತೋಯ್ತು. ಮೇಲ್ ಹಾಕಿದ್ಲು, ಉತ್ತರ ಬರಲಿಲ್ಲ. ಅಜ್ಜಿಗೆ ಆಪ್ಟಿಟ್ಯೂಡ್ ಪ್ರಶ್ನೆಗೆ ಉತ್ತರ ಗೊತ್ತಿತ್ತು ಅಂತ ಆ ಸಾಫ್ಟ್‌ವೇರ್ ಅಂದ್ಕೊಳ್ತೋ ಏನೋ. ನಾವು ನಕ್ಕಿದ್ದು ನಿಜ, ಅವಳಿಗೆ ಮಾತ್ರ ಒಂದು ಅವಕಾಶ ಹೋಯ್ತು.

ಸ್ವಂತ ರೂಮು, ಬಾಗಿಲು ಹಾಕಿದ್ರೆ ನಿಶ್ಶಬ್ದ, ಇನ್‌ವರ್ಟರ್, ಲ್ಯಾಪ್‌ಟಾಪ್ ಇರೋರಿಗೆ ಅನುಮಾನದ ಅಂಕಿ ಕಮ್ಮಿ. ಇಲ್ಲದೋರಿಗೆ ಜಾಸ್ತಿ. ಪ್ರಾಮಾಣಿಕತೆ ಅಳೀತೀನಿ ಅಂತ ಹೊರಟು ಮನೆಯ ಚದರಡಿ ಅಳೆದ ಹಾಗಾಯ್ತು.

ಮುಖ ಗುರುತಿಸೋದರ ವಿಷಯಕ್ಕೆ ಬಂದ್ರೆ, 2018ರಲ್ಲಿ ಅಮೆರಿಕದ ಎಂಐಟಿಯಿಂದ ಬಂದ ಒಂದು ಅಧ್ಯಯನ ಮೂರು ಕಂಪನಿಗಳ ಸಾಫ್ಟ್‌ವೇರ್ ಪರೀಕ್ಷಿಸಿತು. ಮುಖ ನೋಡಿ ಗಂಡೋ ಹೆಣ್ಣೋ ಹೇಳಬೇಕು, ಅಷ್ಟೇ. ಬಿಳಿ ಬಣ್ಣದ ಗಂಡಸರಲ್ಲಿ ತಪ್ಪು ಶೇ. 1ಕ್ಕಿಂತ ಕಮ್ಮಿ. ಕಪ್ಪು ಬಣ್ಣದ ಹೆಂಗಸರಲ್ಲಿ ಶೇ. 34ರ ಮೇಲಕ್ಕೂ ಹೋಗಿತ್ತು. ಆಮೇಲೆ ಸಾಫ್ಟ್‌ವೇರ್ ಸುಧಾರಿಸಿರಬಹುದು. ಸಂಜೆ ಹೊತ್ತು ಮಂದ ಬಲ್ಬಿನ ಕೆಳಗೆ ಕೂತ ನಮ್ಮಂಥವರ ಮೇಲೆ ಅದನ್ನ ಪರೀಕ್ಷೆ ಮಾಡಿದ್ದೀರಾ ಅಂತ ಕೇಳೋ ಹಕ್ಕು ನಮಗಿದೆ. 2022ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಒಂದು ಕೋರ್ಟು, ಪರೀಕ್ಷೆಗೆ ಮುಂಚೆ ವಿದ್ಯಾರ್ಥಿಯ ಕೋಣೆಯನ್ನ ಕ್ಯಾಮೆರಾದಲ್ಲಿ ತೋರಿಸು ಅನ್ನೋದು ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ನಮ್ಮಲ್ಲಿ ಆ ಪ್ರಶ್ನೆಯನ್ನ ಕೇಳೋಕೇ ನಾಚಿಕೆ ಪಡ್ತೀವಿ.

6/8

ಇದು ಕನ್ನಡದಲ್ಲಿ ಓದಿದವರಿಗೆ. ಇಂಗ್ಲಿಷ್ ಮೀಡಿಯಂನವರೂ ಓದಿ.

2024ರ ಆಗಸ್ಟ್ 27ರಂದು ಕೆಪಿಎಸ್‌ಸಿ 384 ಗೆಜೆಟೆಡ್ ಹುದ್ದೆಗಳಿಗೆ ಪೂರ್ವಭಾವಿ ಪರೀಕ್ಷೆ ಮಾಡಿತು. ಕನ್ನಡ ಅನುವಾದದಲ್ಲಿ ಎಷ್ಟು ತಪ್ಪಿತ್ತು ಅಂದ್ರೆ ಪ್ರಶ್ನೆ ಅರ್ಥ ಆಗಬೇಕಾದ್ರೆ ಇಂಗ್ಲಿಷ್ ಓದಬೇಕಿತ್ತು. ಮುಖ್ಯಮಂತ್ರಿ ಮರುಪರೀಕ್ಷೆಗೆ ಆದೇಶ ಕೊಟ್ರು. ಡಿಸೆಂಬರ್ 29ಕ್ಕೆ ಮರುಪರೀಕ್ಷೆ ಆಯ್ತು, ಅದರಲ್ಲೂ ಮತ್ತೆ ಅನುವಾದದ ತಪ್ಪು. ಕನ್ನಡ ನಾಡಿನ ಸ್ವಂತ ಆಯೋಗ, ಪೇಪರ್ ಮೇಲಿನ ಪರೀಕ್ಷೆ, ಅಲ್ಲೇ ಈ ಪಾಡು. ಹೊರಗಿನ ಕಂಪನಿ "ನಮ್ಮ ಟೂಲಲ್ಲಿ ಕನ್ನಡವೂ ಇದೆ" ಅಂದಾಗ ಹೇಗೆ ನಂಬೋದು?

ಕಂಪ್ಯೂಟರಲ್ಲಿ ಇನ್ನೊಂದು ಸೂಕ್ಷ್ಮ ತೊಂದರೆ ಇದೆ. 'ಸೂರ್ಯ' ಅನ್ನೋ ಪದವನ್ನ ಅರ್ಕಾವೊತ್ತು ಹಾಕಿ ಒಂದು ರೀತಿ ಬರೀತೀವಿ, 'ಸೂರ‍್ಯ' ಅಂತ ಯ ಒತ್ತು ಕೊಟ್ಟು ಇನ್ನೊಂದು ರೀತಿ ಬರೀತೀವಿ. ನಮ್ಮ ಕಣ್ಣಿಗೆ ಎರಡೂ ಸೂರ್ಯನೇ. ಕಂಪ್ಯೂಟರಿಗೆ ಎರಡನೇದರ ಮಧ್ಯೆ ಕಣ್ಣಿಗೆ ಕಾಣದ ಒಂದು ಅಕ್ಷರ ಜಾಸ್ತಿ ಇರುತ್ತೆ. ಬಿಟ್ಟ ಸ್ಥಳ ತುಂಬಿ ಅನ್ನೋ ಪ್ರಶ್ನೆಗೆ ಕೀ ಉತ್ತರ ಮೊದಲನೇ ಥರ ಇದ್ದು, ನೀವು ಎರಡನೇ ಥರ ಟೈಪ್ ಮಾಡಿದ್ರೆ, ಮೋಟು ಬುದ್ಧಿಯ ಟೂಲು ತಪ್ಪು ಅಂತ ಸೊನ್ನೆ ಕೊಡುತ್ತೆ. 5 ಅಂತ ಬರೆಯೋದು, ೫ ಅಂತ ಬರೆಯೋದು, ಅದೂ ಹಾಗೇ. ನುಡಿಯಲ್ಲಿ ಹಳೇ ಫಾಂಟಲ್ಲಿ ಟೈಪ್ ಮಾಡಿ ಯೂನಿಕೋಡ್ ಜಾಗಕ್ಕೆ ಪೇಸ್ಟ್ ಮಾಡಿದ್ರೆ ಏನು ಬರುತ್ತೆ ಅಂತ ಸೈಬರ್ ಸೆಂಟರಿಗೆ ಅರ್ಜಿ ಹಾಕೋಕೆ ಹೋದವರಿಗೆಲ್ಲ ಗೊತ್ತು.

ಇನ್ನು ಕೀವರ್ಡ್ ಹುಡುಕಿ ಮಾರ್ಕ್ಸ್ ಕೊಡೋ ಟೂಲು. ಇಂಗ್ಲಿಷಲ್ಲಿ 'ರೇನ್' ಅಂದ್ರೆ ರೇನ್. ನಮ್ಮಲ್ಲಿ ಮಳೆ, ಮಳೆಯಿಂದ, ಮಳೆಗೆ, ಮಳೆಯಾದಾಗ, ಮಳೆಗಾಲ. ಒಂದು ಪದ ಹತ್ತು ವೇಷ ಹಾಕುತ್ತೆ. ಆ ವೇಷ ಗುರುತಿಸದ ಟೂಲಿಗೆ ಕನ್ನಡ ಬರಲ್ಲ ಅಂತಾನೇ ಅರ್ಥ.

ಇದೆಲ್ಲ ಸರಿ ಮಾಡೋಕೆ ಆಗದ ಕೆಲಸ ಅಲ್ಲ. ಬರೆದ ಪದವನ್ನ ಒಂದೇ ರೂಪಕ್ಕೆ ತಂದು ಹೋಲಿಸೋದು ಸಾಧಾರಣ ಪ್ರೋಗ್ರಾಮರ್ ಮಾಡೋ ಕೆಲಸ. ಕೇಳೋರು ಇಲ್ಲದಿದ್ರೆ ಯಾರೂ ಮಾಡಲ್ಲ, ಅಷ್ಟೇ.

7/8

"ಕಂಪ್ಯೂಟರ್ ಕೊಟ್ಟ ಮಾರ್ಕ್ಸು, ಅದರಲ್ಲಿ ಏನು ತಪ್ಪಿರುತ್ತೆ?" ಅನ್ನೋ ಮಾತು ಮನೆಯಲ್ಲಿ ಕೇಳಿರ್ತೀರಿ.

2021ರ ಜೆಇಇ ಮೇನ್ ತಗೊಳ್ಳಿ. ಕೇಂದ್ರದಲ್ಲಿ ಅಭ್ಯರ್ಥಿ ಕಂಪ್ಯೂಟರ್ ಮುಂದೆ ಸುಮ್ಮನೆ ಕೂತಿದ್ದ, ಇನ್ನೆಲ್ಲೋ ಕೂತವರು ದೂರದಿಂದ ಆ ಕಂಪ್ಯೂಟರ್ ಹಿಡಿದು ಉತ್ತರ ತುಂಬಿದ್ರು ಅನ್ನೋದು ಸಿಬಿಐ ಕೇಸು. ಪರೀಕ್ಷೆಯ ಸಾಫ್ಟ್‌ವೇರನ್ನೇ ತಿದ್ದಿದ ಆರೋಪದ ಮೇಲೆ 2022ರ ಅಕ್ಟೋಬರ್‌ನಲ್ಲಿ ರಷ್ಯಾದ ಒಬ್ಬನನ್ನ ಹಿಡಿದ್ರು. ಓಎಂಆರ್ ಶೀಟಿಗೆ ಪೆನ್ನು ಬೇಕಿತ್ತು, ಇದಕ್ಕೆ ನೆಟ್ ಬೇಕಾಯ್ತು.

2020ರ ಇಂಗ್ಲೆಂಡ್ ಕಥೆಯಲ್ಲಿ ಕಳ್ಳತನವೂ ಇರಲಿಲ್ಲ. ಕೋವಿಡ್‌ನಿಂದ ಎ ಲೆವೆಲ್ ಪರೀಕ್ಷೆ ರದ್ದಾಯ್ತು, ಅದು ಅವರ ಪಿಯುಸಿ ಇದ್ದ ಹಾಗೆ. ಗ್ರೇಡ್ ಕೊಡೋಕೆ ಒಂದು ಸೂತ್ರ ಮಾಡಿದ್ರು. ಆ ಸೂತ್ರ ಶಾಲೆಯ ಹಿಂದಿನ ವರ್ಷಗಳ ಫಲಿತಾಂಶವನ್ನ ಲೆಕ್ಕಕ್ಕೆ ತಗೊಳ್ತಿತ್ತು. ಸುಮಾರು ಶೇ. 40ರಷ್ಟು ಗ್ರೇಡ್‌ಗಳು ಮೇಷ್ಟ್ರು ಅಂದಾಜು ಮಾಡಿದ್ದಕ್ಕಿಂತ ಕೆಳಗೆ ಬಂದವು. ಬಡವರ ಏರಿಯಾದ ಶಾಲೆಯಲ್ಲಿ ಓದಿದ ಜಾಣ ಮಕ್ಕಳಿಗೆ ಜಾಸ್ತಿ ಏಟು ಬಿತ್ತು, ಯಾಕಂದ್ರೆ "ಈ ಶಾಲೆಯಿಂದ ಅಷ್ಟು ಮಾರ್ಕ್ಸ್ ಹಿಂದೆ ಯಾರೂ ತೆಗೆದಿಲ್ಲ" ಅನ್ನೋದು ಆ ಸೂತ್ರದ ಲೆಕ್ಕ. ಹುಡುಗರು ಬೀದಿಗಿಳಿದ್ರು. ಆಗಸ್ಟ್ 17ಕ್ಕೆ ಸರ್ಕಾರ ಸೂತ್ರ ಕೈಬಿಟ್ಟು ಮೇಷ್ಟ್ರ ಗ್ರೇಡನ್ನೇ ಒಪ್ಪಿತು.

ಇದನ್ನ ತ್ಯಾಮಗೊಂಡ್ಲಿಗೆ ತಂದು ನೋಡಿ. ನಮ್ಮ ಕಾಲೇಜಿಂದ ದೊಡ್ಡ ಕಂಪನಿಗೆ ಹೋದವರು ಬೆರಳೆಣಿಕೆ. ಯಾವುದಾದ್ರೂ ಟೂಲು "ಹಿಂದಿನ ಡೇಟಾ" ನೋಡಿ ನಮ್ಮನ್ನ ಪಕ್ಕಕ್ಕೆ ಸರಿಸಿದ್ರೆ ನಮಗೆ ಗೊತ್ತಾಗೋದಾದ್ರೂ ಹೇಗೆ?

ಹಾಗೇ ಪರ್ಸಂಟೈಲ್ ಅಂದ್ರೆ ಪರ್ಸಂಟೇಜ್ ಅಲ್ಲ, ಜೂನಿಯರ್ಸ್ ನೆನಪಿಡಿ. ಎನ್‌ಟಿಎ ಲೆಕ್ಕದಲ್ಲಿ 80 ಪರ್ಸಂಟೈಲ್ ಅಂದ್ರೆ ನಿಮ್ಮ ಸೆಷನ್‌ನಲ್ಲಿ ಬರೆದ ನೂರಕ್ಕೆ 80 ಜನ ನಿಮ್ಮಷ್ಟು ಅಥವಾ ನಿಮಗಿಂತ ಕಮ್ಮಿ ತೆಗೆದಿದ್ದಾರೆ ಅಂತ. ನೂರಕ್ಕೆ ಎಂಬತ್ತು ಪ್ರಶ್ನೆ ಸರಿ ಅಂತ ಅಲ್ಲ. ಅಂಕಿ ಹೇಗೆ ಹುಟ್ಟುತ್ತೆ ಅಂತ ಗೊತ್ತಿದ್ರೆ ಅದಕ್ಕೆ ಹೆದರೋದು ಕಮ್ಮಿ ಆಗುತ್ತೆ.

8/8

ಸರಿ, ಏನು ಮಾಡೋಣ?

2011ರಲ್ಲಿ ಸಿಬಿಎಸ್‌ಇ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ: ಮೌಲ್ಯಮಾಪನ ಆದ ಉತ್ತರ ಪತ್ರಿಕೆಯನ್ನ ನೋಡೋ ಹಕ್ಕು ಮಾಹಿತಿ ಹಕ್ಕು ಕಾಯ್ದೆಯಲ್ಲಿ ವಿದ್ಯಾರ್ಥಿಗೆ ಇದೆ. ನಮ್ಮ ಎಸ್‌ಎಸ್‌ಎಲ್‌ಸಿಯಲ್ಲೂ ಫೀಸು ಕಟ್ಟಿ ಸ್ಕ್ಯಾನ್ ಕಾಪಿ ತರಿಸ್ಕೊಂಡು, ಮರುಮೌಲ್ಯಮಾಪನಕ್ಕೆ ಹಾಕಿ ಮಾರ್ಕ್ಸ್ ಜಾಸ್ತಿ ಆದವರು ಇದ್ದಾರೆ. ಪೇಪರಿಗೆ ಇರೋ ಈ ನ್ಯಾಯ ಆ್ಯಪಿಗೆ ಯಾಕಿರಬಾರದು? 2023ರ ಡೇಟಾ ಸಂರಕ್ಷಣಾ ಕಾಯ್ದೆ ಪ್ರಕಾರ 18 ತುಂಬದವರ ಮಾಹಿತಿ ಬಳಸೋಕೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. ಶಿಕ್ಷಣ ಸಂಸ್ಥೆಗಳಿಗೆ ನಿಯಮಗಳಲ್ಲಿ ಕೆಲವು ವಿನಾಯಿತಿ ಇದೆ, ನಿಜ. ಆದ್ರೆ ನಮ್ಮ ಪಿಯು ತಮ್ಮ ತಂಗಿಯರ ವಿಡಿಯೋ ಎಲ್ಲಿ ಹೋಗುತ್ತೆ, ಎಷ್ಟು ದಿನ ಇರುತ್ತೆ ಅಂತ ಕೇಳೋಕೆ ಯಾವ ವಿನಾಯಿತಿಯೂ ಅಡ್ಡ ಬರಲ್ಲ.

ಇಂಟರ್ನಲ್ಸ್ ಆ್ಯಪಿಗೆ ಹೋಗೋ ಮುಂಚೆ ನಮ್ಮ ಪ್ರಿನ್ಸಿಪಾಲ್ ಮೇಡಂಗೆ ಈ ಆರು ಮಾತು ಬರೆದು ಕೊಡೋಣ ಅಂತ ಇದ್ದೀನಿ:

ಒಂದು. ಮಾರ್ಕ್ಸಿಗೆ ಸೇರೋ ಟೆಸ್ಟ್ ಮನೆಯಲ್ಲಿ ಬೇಡ. ಕಾಲೇಜ್ ಲ್ಯಾಬಲ್ಲಿ, ಮೇಷ್ಟ್ರು ಎದುರಿಗೆ ಮಾಡಿ. ಅಭ್ಯಾಸದ್ದು ಮನೆಯಲ್ಲಿ ಎಷ್ಟು ಬೇಕಾದ್ರೂ ಆಗಲಿ.

ಎರಡು. ಕರೆಂಟ್ ಅಥವಾ ನೆಟ್ ಹೋದ್ರೆ, ಬರೆದದ್ದು ಉಳಿದು, ಹೋದ ಸಮಯ ವಾಪಸ್ ಸಿಗಬೇಕು. ಇದನ್ನ ಟೆಸ್ಟಿಗೆ ಮುಂಚೆ ಒಂದು ಸಲ ಬೇಕಂತಲೇ ವೈರ್ ಕಿತ್ತು ತೋರಿಸಲಿ.

ಮೂರು. ಕನ್ನಡ ಪ್ರಶ್ನೆಗಳನ್ನ ಆ ವಿಷಯ ಪಾಠ ಮಾಡೋ ಕನ್ನಡ ಬಲ್ಲ ಮೇಷ್ಟ್ರು ಮೊದಲೇ ಓದಿರಬೇಕು.

ನಾಲ್ಕು. ಟೂಲು ಯಾರ ಮೇಲಾದ್ರೂ ಅನುಮಾನ ಪಟ್ರೆ, ಮನುಷ್ಯರೊಬ್ಬರು ನೋಡಿ, ಆ ವಿದ್ಯಾರ್ಥಿಯ ಮಾತು ಕೇಳಿ, ಆಮೇಲೆ ತೀರ್ಮಾನ ಮಾಡಬೇಕು.

ಐದು. ನನ್ನ ಉತ್ತರ, ಕೀ ಉತ್ತರ, ಕೊಟ್ಟ ಮಾರ್ಕ್ಸು ಮೂರೂ ನನಗೆ ಕಾಣಬೇಕು. ದೂರಿಗೆ ಒಬ್ಬರ ಹೆಸರು, ಒಂದು ನಂಬರ್, ಇಷ್ಟು ದಿನದಲ್ಲಿ ಉತ್ತರ ಅನ್ನೋ ಗಡುವು ಇರಬೇಕು.

ಆರು. ಪ್ರತಿ ಟೆಸ್ಟ್ ಆದ್ಮೇಲೆ ಯಾವ ಪ್ರಶ್ನೆ ಕೆಟ್ಟದಾಗಿತ್ತು, ಯಾವುದನ್ನ ತೆಗೆದ್ರು ಅಂತ ನೋಟಿಸ್ ಬೋರ್ಡಿಗೆ ಹಾಕಬೇಕು. ನಾಲ್ಕನೇ ಪೋಸ್ಟಲ್ಲಿ ಹೇಳಿದ ಲೆಕ್ಕ ಮಾಡೋದು ಟೂಲಿಗೆ ಕಷ್ಟ ಏನಲ್ಲ.

ಇದರಲ್ಲಿ ದೊಡ್ಡ ಖರ್ಚಿನದ್ದು ಯಾವುದೂ ಇಲ್ಲ. ಒಳ್ಳೆ ಕಂಪನಿಯಾದ್ರೆ ಆರಕ್ಕೂ ಹೂಂ ಅನ್ನುತ್ತೆ, ಅಂಥ ಕಂಪನಿ ಬಂದ್ರೆ ನಾನೇ ಮೊದಲು ಲಾಗಿನ್ ಆಗ್ತೀನಿ. ಹೂಂ ಅನ್ನದೋರಿಗೆ ನಮ್ಮ ಮಾರ್ಕ್ಸ್ ಕೊಡೋದು ಬೇಡ.

ಕ್ಲಾಸ್‌ಮೇಟ್ಸ್, ಸೋಮವಾರ ಮಧ್ಯಾಹ್ನ ಲೈಬ್ರರಿ ಹತ್ರ ಪತ್ರ ಇಟ್ಕೊಂಡು ಇರ್ತೀನಿ. ಸಹಿ ಹಾಕೋರು ಬನ್ನಿ. ಏಳನೇ ಮಾತು ಏನಾದ್ರೂ ಸೇರಿಸಬೇಕು ಅಂದ್ರೆ ಕಾಮೆಂಟಲ್ಲಿ ಬರೀರಿ. ಬೇರೆ ಊರಿನವರು ನಿಮ್ಮ ಕಾಲೇಜಲ್ಲಿ ಯಾವ ಟೂಲು, ಹೇಗೆ ನಡೀತಿದೆ ಅಂತ ಹೇಳಿ. ಹೆಸರು ಹಾಕೋಕೆ ಭಯ ಆದ್ರೆ ಮೆಸೇಜ್ ಮಾಡಿ, ಹೆಸರಿಲ್ಲದೆ ಸೇರಿಸ್ತೀನಿ.

#ತ್ಯಾಮಗೊಂಡ್ಲು #ನೆಲಮಂಗಲ #ಆನ್‌ಲೈನ್‌ಪರೀಕ್ಷೆ #ತಕ್ಕಡಿಗೆಮುದ್ರೆ